ಹಿಂಡು ಯಾರ ಹೆಸರಿಗೆ

ಇನ್ನೂ ಬೆಚ್ಚಗಿದೆ ಚರ್ಮ, ಕುರಿಮರಿ ಸತ್ತು ಗಂಟೆಯಾಗುತ್ತ ಬಂದರೂ, ಮಗುವಿನ ಅಂಗಿ ಬಿಚ್ಚುವ ಹಾಗೆ ಒಂದೊಂದೇ ಕಾಲು ಬಿಡಿಸಬೇಕು, ಹರಿಯಬಾರದು, ಇದೇ ಕೊಟ್ಟಿಗೆಯಲ್ಲಿ ಅಜ್ಜಿ ಹೇಳಿಕೊಟ್ಟಾಗ ನನಗೆ ಎಂಟು ವರ್ಷ — ತಬ್ಬಲಿ ಮರಿಗೆ ತೊಡಿಸು ಡೆರ್ವ್ಲಾ, ಸತ್ತ ಮರಿಯ ತಾಯಿ ಮೂಸಿ ನೋಡಿ ತನ್ನದೇ ಅಂದ್ಕೊಂಡು ಹಾಲು ಕೊಡ್ತಾಳೆ — ಆಮೇಲೆ ಸರೋವರದಿಂದ ಎದ್ದು ಬಂದ ಹೆಣ್ಣಿನ ಕಥೆ, ಗಂಡ ಬೈದದ್ದೇ ತಡ ತನ್ನ ದನಗಳನ್ನೆಲ್ಲ ಹೆಸರು ಹಿಡಿದು ಕರೆದುಕೊಂಡು ನೀರಿಗೇ ಇಳಿದುಹೋದವಳು, ಗಂಡನಿಗೆ ಒಂದರ ಹೆಸರೂ ಗೊತ್ತಿರಲಿಲ್ಲವಂತೆ — ಅಡುಗೆಮನೆ ಕಿಟಕಿ ತೆರೆದಿದೆ, ಅರ್ಜಿ ಬರೆಯುವ ಮಲ್ವಿಯ ದನಿ, ಯುವ ರೈತರಿಗೆ ಸರ್ಕಾರ ಈ ಸಲ ಹೆಚ್ಚಿಗೆ ಸಹಾಯಧನ ಕೊಡುತ್ತೆ, ನಲವತ್ತರೊಳಗಿರಬೇಕು, ಕೆಲಸ ತಾನೇ ಮಾಡ್ತಿರಬೇಕು, ಹಿಂಡು ಯಾರ ಹೆಸರಿಗೆ ಬರ್ಕೊಳ್ಳಲಿ? ಅಪ್ಪ ಉಸಿರು ಎಳೆದುಕೊಳ್ಳುವಷ್ಟೂ ತಡಮಾಡಲಿಲ್ಲ, ಕಾಹಲ್ ಹೆಸರಿಗೆ. ನನ್ನಣ್ಣ ಕಾಹಲ್, ಸ್ಲೈಗೊ ಪೇಟೆಯಲ್ಲಿ ಕಾರು ಮಾರುವವನು, ಭಾನುವಾರದ ಊಟಕ್ಕೆ ಬಂದು ಕುರಿಮಾಂಸ ಚೆನ್ನಾಗಿದೆ ಅಂದು ಹೋಗುವವನು, ಅವನ ಹೆಸರು ಬಿದ್ದರೆ ಹಿಂಡು ಅವನದು, ಹಿಂದೆಯೇ ಕುರಿ ಮೇಯುವ ಗುಡ್ಡವೂ ಅವನದು, ನಾನು ಅಣ್ಣನ ಮನೆಯ ಆಳು. ಬೆಳಿಗ್ಗೆ ಕೇಳಿದ್ದೆ, ಅಪ್ಪಾ, ಕೆಲಸ ನಾನಲ್ವಾ ಮಾಡ್ತಿರೋದು? ನಿಂಗೆ ನಾಳೆ ಮದುವೆ ಆಗತ್ತೆ ಮಗಳೇ, ಆಗ ಈ ಕುರಿ ಯಾರ ಮನೆಗೆ ಹೋಗ್ಬೇಕು? ಅಪ್ಪ ಕೆಟ್ಟವನಲ್ಲ, ಚಹಾಕ್ಕೆ ಹಾಲು ಹಾಕಿ ನನ್ನ ಕಡೆ ಸರಿಸುತ್ತಲೇ ಅಂದ. ಅಜ್ಜ ಹೋಗಿ ಮೂರು ವರ್ಷವಾದರೂ ಸರ್ಕಾರದ ಕಾಗದ ಅಜ್ಜನ ಹೆಸರಿಗೇ ಬರುತ್ತಿತ್ತು, ಅಜ್ಜಿ ಅದನ್ನು ಗಡಿಯಾರದ ಹಿಂದೆ ಸಿಕ್ಕಿಸುತ್ತ ಅನ್ನುತ್ತಿದ್ದಳು, ನೋಡೇ, ಸತ್ತೋನು ಇವರ ಕಣ್ಣಿಗೆ ಕಾಣ್ತಾನೆ, ನಾನು ಕಾಣಲ್ಲ.

ತೊಡಿಸಿದೆ, ಕುತ್ತಿಗೆ ಹತ್ತಿರ ಸ್ವಲ್ಪ ಸಡಿಲ, ತಾಯಿಕುರಿ ಮೂಸುತ್ತಿದೆ, ಮತ್ತೆ ಮೂಸುತ್ತಿದೆ, ಗೊಣಗುಟ್ಟುತ್ತ ಕಾಲು ಸರಿಸಿ ಜಾಗ ಕೊಟ್ಟಿತು, ಮರಿಯ ಬಾಲ ಅಲ್ಲಾಡುತ್ತಿದೆ — ಬಾಗಿಲಲ್ಲಿ ಮೂವರು, ಅಪ್ಪ, ಮಲ್ವಿ, ಅರ್ಜಿಗೆಂದು ಬಂದ ಅಣ್ಣ, ಅಣ್ಣನ ಬೂಟಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದೆ. ತಾಯಿಕುರಿ ಎಷ್ಟಿದಾವೆ ಕಾಹಲ್? ಮಲ್ವಿ ಕೇಳಿದ. ಅಣ್ಣ ನಗುತ್ತಾನೆ, ಇವಳನ್ನ ಕೇಳಿ, ಇವಳ ಸ್ನೇಹಿತೆಯರೆಲ್ಲ ಇಲ್ಲೇ ಇರೋದು. ರೈತ ಅಂತ ನಿಮ್ಮನ್ನ ಬರೀತಿರೋದು, ನೀವು ಹೇಳಿ. ಎಂಬತ್ಮೂರು, ನಾಲಿಗೆಯ ತುದಿಯಲ್ಲಿದೆ, ಕಿವಿ ಹರಿದವಳು, ಕುಂಟಿ, ಬೇಲಿ ಹಾರುವ ಮೂವರು ಅಕ್ಕತಂಗಿಯರು, ಎಂಬತ್ಮೂರು, ಹೇಳಿಬಿಟ್ಟರೆ ಮುಗಿಯಿತು, ಅವನ ಹೆಸರಿನ ಮುಂದೆ ಕೂತುಬಿಡುತ್ತದೆ. ಹೇಳು ಮಗಳೇ. ನಾನು ಮರಿಯ ಬೆನ್ನು ಸವರುತ್ತಿದ್ದೇನೆ. ಹೇಳೇ, ಅಣ್ಣ ಈಗ ನಗುತ್ತಿಲ್ಲ. ಮಲ್ವಿ ಪೆನ್ನಿನ ಮುಚ್ಚಳ ಹಾಕಿದ. ಅಪ್ಪ ಬೆರಳೆತ್ತಿ ತಾನೇ ಎಣಿಸತೊಡಗಿದ, ಒಂದು, ಎರಡು, ಹನ್ನೊಂದು, ಕುರಿಗಳು ಸರಿದಾಡಿದವು, ಬೆರಳು ತಪ್ಪಿತು, ಮತ್ತೆ ಒಂದು, ಎರಡು, ತುಟಿ ಅಲುಗುತ್ತಿದೆ, ಕುಂಟಿ ಅಡ್ಡ ಬಂದಳು, ಬೆರಳು ಮತ್ತೆ ಮೊದಲಿಗೆ, ಒಂದು, ಮೂಲೆಯ ಹಿಂಡಿನ ಮೇಲೆ ಹಾದು, ಗೋಡೆ ಹಿಡಿದು, ಹಾಲು ಕುಡಿಯುವ ಮರಿಯ ಮೇಲೆ, ಅಲ್ಲಿಂದ ನನ್ನ ಮೇಲೆ — ಬೆರಳು ನಿಂತಿತು, ತುಟಿಯೂ ನಿಂತಿತು, ಮುಂದೆ ಹೋಗುತ್ತಿಲ್ಲ, ಇಳಿಯುತ್ತಲೂ ಇಲ್ಲ, ಅಪ್ಪನ ಬೆರಳು, ಹಿಂಡಿನ ಲೆಕ್ಕ ಗೊತ್ತಿರುವ ಒಬ್ಬಳ ಮೇಲೆ, ನನ್ನ ಮೇಲೆ.