ಆರ್ವಿಲ್ ಕಟ್ಟಿದ ಹಾಡು

ನಮ್ಮ ಲಿಕ್ ಫೋರ್ಕ್ ಕಣಿವೆಯ ರಸ್ತೆಗೆ ಹೋಬರ್ಟ್ ಕಾಡಿಲ್‌ನ ಹೆಸರಿಡುತ್ತಾರೆ, ಅವತ್ತು ಅವನೇ ಬಂದು ಹಾಡುತ್ತಾನೆ, ಹಿಮ್ಮೇಳಕ್ಕೆ ನಿಮ್ಮ ತಂಡವೇ ಬೇಕು ಎಂದು ಶಾಲೆಯ ಹೆಡ್‌ಮಾಸ್ಟರು ಕೇಳಿದಾಗ ನಾನು ಹೂಂ ಅಂದುಬಿಟ್ಟೆ. ನಮ್ಮ ತಂಡದಲ್ಲಿ ಬ್ಯಾಂಜೊ ನುಡಿಸುವ ಎಸ್ಟಿಲ್ ನನ್ನ ಮುಖವನ್ನೇ ನೋಡಿದ.

"ಓರ್ಲೀನಕ್ಕ, ಜ್ವರಗಿರ ಬಂದಿದ್ಯಾ? ಅವನ ಹಾಡು ಬಂದ್ರೆ ರೇಡಿಯೋ ಕಿವಿ ತಿರುಪಿ ಬಾಯಿ ಮುಚ್ಚಿಸೋಳು ನೀನು."

"ಈ ಸಲ ತಿರುಪೋದು ರೇಡಿಯೋ ಕಿವಿ ಅಲ್ಲ," ಅಂದೆ.

ಹೋಬರ್ಟ್ ನಮ್ಮ ಮನೆಯಲ್ಲಿ ಉಂಡು ಬೆಳೆದವನು. ಕಲ್ಲಿದ್ದಲ ಲಾರಿ ಓಡಿಸಿಕೊಂಡು, ಶನಿವಾರ ಬಂತೆಂದರೆ ಬಿಯರ್ ಅಂಗಡಿಗಳಲ್ಲಿ ಹಾಡಿಕೊಂಡಿದ್ದ ಕಾಲದಲ್ಲಿ ನಮ್ಮಮ್ಮನ ಕೈಯ ಬೀನ್ಸು, ಜೋಳದ ರೊಟ್ಟಿ ತಿಂದು, ನಮ್ಮ ಜಗಲಿಯಲ್ಲೇ ಮಲಗುತ್ತಿದ್ದ. ಅಮ್ಮ ತೀರಿಕೊಂಡಾಗ ಹೆಣ ಹೊತ್ತವರಲ್ಲಿ ಅವನೂ ಒಬ್ಬ. ಗೋರಿಗೆ ಕೆತ್ತಿದ ಕಲ್ಲು ತರುವಷ್ಟು ಶಕ್ತಿ ನಮಗಿರಲಿಲ್ಲ. ನನ್ನ ಅಣ್ಣ ಆರ್ವಿಲ್ ಹೊಳೆಗಿಳಿದು, ಒಂದು ಚಪ್ಪಟೆ ಕಲ್ಲು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿದ. ಆ ವಾರವೇ ಹಾಡು ಕಟ್ಟಿದ, ಅದರ ಪಲ್ಲವಿ ಇದು:

ಹೊಳೆಯ ಕಲ್ಲೇ ಸಾಕು ಅಮ್ಮಾ,
ಹೆಸರ ಕೆತ್ತೋದು ಯಾಕಮ್ಮಾ,
ಓದೋನು ಮೇಲೆ ಕೂತವ್ನೆ,
ಅಕ್ಷರ ಇಲ್ದೆ ಓದ್ತಾನೆ.

ಕೊನೆಯ ಸಾಲಿನಲ್ಲಿ ಸ್ವರ ಒಮ್ಮೆಲೇ ಮೇಲಕ್ಕೆ ಏರುತ್ತದೆ. ಆರ್ವಿಲ್ ಅದನ್ನು ಹಾಡುವಾಗ ಕುತ್ತಿಗೆಯ ನರ ಉಬ್ಬುತ್ತಿತ್ತು. ಹೋಬರ್ಟ್ ಜಗಲಿಯಲ್ಲಿ ಕೂತು ಕೇಳಿದ, ಮತ್ತೆ ಮತ್ತೆ ಹಾಡಿಸಿಕೊಂಡ, ಕಲಿತ, ಹಾಡಿನ ಕಂಪನಿಗಳ ಊರು ನ್ಯಾಶ್‌ವಿಲ್‌ಗೆ ಹೋದ.

ನ್ಯಾಶ್‌ವಿಲ್‌ನಲ್ಲಿ ಆಗ ಒಂದು ಪದ್ಧತಿ. ಹಾಡು ಯಾರೇ ಕಟ್ಟಿರಲಿ, ಹಾಡುವ ದೊಡ್ಡ ಮನುಷ್ಯ ತನ್ನ ಹೆಸರನ್ನೂ ಪಕ್ಕದಲ್ಲಿ ಸೇರಿಸಿಕೊಳ್ಳುತ್ತಿದ್ದ. ಹೋಬರ್ಟ್ ಪಕ್ಕದಲ್ಲಿ ಕೂರಲಿಲ್ಲ, ಇಡೀ ಬೆಂಚನ್ನೇ ಹಿಡಿದ. ಗ್ರಾಮಫೋನ್ ತಟ್ಟೆಯ ಮೇಲೆ ಅವನೊಬ್ಬನದೇ ಹೆಸರು. ಆ ಒಂದು ಹಾಡಿನಿಂದ ಅವನಿಗೆ ಮಿರಮಿರ ಮಿಂಚುವ ಕೋಟು ಬಂತು, ಮಲಗುವ ಕೋಣೆಯಿರುವ ಬಸ್ಸು ಬಂತು, ಹೆಂಡತಿಯರು ಬಂದರು, ಹೋದರು. ನಡುವೆ ವಿಸ್ಕಿಗೆ ಬಿದ್ದ. ಆಮೇಲೆ ದೇವರಿಗೆ ಬಿದ್ದ, ಅದೂ ಚೆನ್ನಾಗಿ ಮಾರಾಟವಾಯಿತು. ಹೋದಲ್ಲೆಲ್ಲ ಒಂದೇ ಕಥೆ: ತಾಯಿಯ ಗೋರಿಯ ಮುಂದೆ ಮಂಡಿಯೂರಿ ಆ ಹಾಡು ಬರೆದನಂತೆ. ಅವನ ತಾಯಿ ಆಗಿನ್ನೂ ಫ್ಲಾರಿಡಾದಲ್ಲಿ ಬಿಂಗೋ ಆಡಿಕೊಂಡು ಕಲ್ಲುಗುಂಡಿನ ಹಾಗಿದ್ದಳು. ಉಂಡ ಮನೆಯ ಗಳ ಹಿರಿಯುವುದು ಎಂದರೆ ಇದೇ.

ಆರ್ವಿಲ್ ಗಣಿಯಲ್ಲೇ ಉಳಿದ. ಅದು ನನ್ನ ಹಾಡು ಎಂದು ಮೊದಮೊದಲು ಎಲ್ಲರಿಗೂ ಹೇಳಿದ. ಗಣಿಯ ಬಾಯಲ್ಲಿ ಜೊತೆಗಾರರು, "ಬಂದ್ರು ನೋಡ್ರಪ್ಪಾ ಸಾಹುಕಾರ್ರು, ಹೋಬರ್ಟ್‌ಗೆ ಹಾಡು ದಾನ ಮಾಡಿದೋರು, ದಾರಿ ಬಿಡ್ರೋ," ಎಂದು ಟೋಪಿ ತೆಗೆದು ಅಣಕಿಸುತ್ತಿದ್ದರು. ಅದರಲ್ಲಿ ಮುಂದಾಳು ಕ್ಲೆಟಸ್ ಎಂಬ ಬಾಯಿಬಡುಕ. ಆಮೇಲೆ ಆರ್ವಿಲ್ ಹೇಳುವುದನ್ನೇ ಬಿಟ್ಟ, ಹಾಡುವುದನ್ನೂ ಬಿಟ್ಟ. ಕಲ್ಲಿದ್ದಲ ಧೂಳು ಶ್ವಾಸಕೋಶ ತುಂಬಿ, ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ್ದಾಗ ನನ್ನ ಕೈ ಹಿಡಿದು ಕೇಳಿದ್ದು ಒಂದೇ.

"ಅವನ ಬಾಯಿಂದ ಒಂದ್ಸಲ ನನ್ನ ಹೆಸರು ಬರ್ಲಿ ಓರ್ಲೀನಾ. ನಾನು ಸುಳ್ಳುಗಾರ ಅಲ್ಲ ಅಂತ ಊರಿಗೆ ಗೊತ್ತಾಗ್ಲಿ, ಸಾಕು."

ಅದು ಆಗುವ ಮೊದಲೇ ಸತ್ತ. ಅವನು ಸುಳ್ಳುಗಾರನಾಗಿಯೇ ಮಣ್ಣಿಗೆ ಹೋದದ್ದನ್ನು ನಾನು ಹೋಬರ್ಟ್‌ನ ಲೆಕ್ಕಕ್ಕೆ ಬರೆದಿಟ್ಟುಕೊಂಡೆ.

ಸಮಾರಂಭದ ಮಧ್ಯಾಹ್ನ ಹೋಬರ್ಟ್ ಶಾಲೆಯ ಆಟಗಾರರು ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತಿದ್ದ. ಬಣ್ಣ ಹಚ್ಚಿದ ಕೂದಲು, ಬಿಳಿ ಹ್ಯಾಟು, ಹೊಸ ಹಲ್ಲು.

"ಅಯ್ಯೋ, ನಮ್ ಓರ್ಲೀನಾ! ಇನ್ನೂ ಪಿಟೀಲು ಕುಯ್ತಿದ್ಯೇನೇ?"

"ಕುಯ್ಯೋದು ಕಲ್ತಿದ್ದೀನಲ್ಲ, ಬಿಡೋಕಾಗುತ್ತಾ?"

ನಕ್ಕ. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಮೂರು ಬೆರಳು, ನೆನಪಿರ್ಲಿ ಮಾರಾಯ್ತಿ. ಎರಡರಲ್ಲಿ ಹಾಡೋ ಕಾಲ ಹೋಯ್ತು."

ನಮ್ಮಲ್ಲಿ ಯಾವ ಶ್ರುತಿ ಎಂದು ಬಾಯಲ್ಲಿ ಹೇಳುವುದಿಲ್ಲ. ಪಿಟೀಲಿನವರು ಬೆರಳು ತೋರಿಸುತ್ತಾರೆ, ತಂಡ ಹಿಡಿಯುತ್ತದೆ. ಈ ಹಾಡಿಗೆ ಮೂರು ಎಂದರೆ ತಗ್ಗು. ಎರಡು ಎಂದರೆ ಆರ್ವಿಲ್ ಕಟ್ಟಿದಾಗಿನ ಎತ್ತರ.

"ಆಗ್ಲಿ," ಅಂದೆ. "ಹಾಡೋ ಮೊದ್ಲು ಆರ್ವಿಲ್ ಹೆಸರು ಹೇಳ್ತೀಯಾ? ಹಾಡು ಅವನದು ಅಂತ. ಅಷ್ಟೇ ನಾನು ಕೇಳೋದು."

ಅವನು ನನ್ನ ಹೆಗಲು ತಟ್ಟಿದ. "ಪಾಪ, ಆರ್ವಿಲ್. ಹೇಳ್ತೀನಿ ಬಿಡೆ. ಈ ವಯಸ್ಸಲ್ಲಿ ನಂಗೇನು ನಷ್ಟ?"

ನಾನು ನಂಬಿದೆ. ನಾಯಿ ಬಾಲ ಡೊಂಕು ಎಂದು ಗೊತ್ತಿದ್ದೂ ನಂಬಿದೆ.

ಸಭಾಂಗಣ ಕಿಕ್ಕಿರಿದಿತ್ತು. ರೇಡಿಯೋದವರು ನೇರವಾಗಿ ಬಿತ್ತರಿಸುತ್ತಿದ್ದರು. ಹೋಬರ್ಟ್ ಮೈಕಿನ ಮುಂದೆ ನಿಂತು ಹ್ಯಾಟು ತೆಗೆದು ಎದೆಗಿಟ್ಟುಕೊಂಡ. "ಈ ಹಾಡು ಹುಟ್ಟಿದ್ದು ನನ್ನ ಹೆತ್ತಮ್ಮನ ಗೋರಿ ಮುಂದೆ. ಅವತ್ತು ನಾನೊಬ್ಬನೇ ಇದ್ದೆ, ಜೊತೆಗೆ ದೇವರಿದ್ದ," ಅಂದ.

ನಾನು ತಂಡದ ಕಡೆ ತಿರುಗಿ ಮೂರು ಬೆರಳು ಎತ್ತಿದ್ದೆ. ಒಂದನ್ನು ಮಡಚಿದೆ. ಎಸ್ಟಿಲ್ ಹುಬ್ಬೇರಿಸಿದ, ತುಟಿಯಂಚಿನಲ್ಲಿ ನಕ್ಕ, ಬ್ಯಾಂಜೊ ಸರಿಮಾಡಿಕೊಂಡ. ನಾನು ಕಮಾನು ಎಳೆದೆ.

ಮೊದಲ ಎಳೆತಕ್ಕೇ ಹೋಬರ್ಟ್‌ನ ಬೆನ್ನು ಸೆಟೆಯಿತು. ನೇರ ಪ್ರಸಾರದಲ್ಲಿ ನಿಲ್ಲಿಸಿ ಎನ್ನುವ ಹಾಗಿಲ್ಲ, ಹಾಡಲೇಬೇಕು. ಮೊದಲ ನುಡಿಯನ್ನು ಹೇಗೋ ದಾಟಿಸಿದ. ಪಲ್ಲವಿಯ ಕೊನೆಯ ಸಾಲು ಏರುವಾಗ ಗಂಟಲು ಸೀಳಿತು. ಆದರೆ ಜನ ಏನೆಂದುಕೊಂಡರು ಗೊತ್ತೇ? ತಾಯಿಯ ನೆನಪಿಗೆ ಗದ್ಗದಿತನಾದ ಎಂದು ಹೆಂಗಸರು ಕರವಸ್ತ್ರ ತೆಗೆದರು. ಆ ಕಳ್ಳನೂ ಕಣ್ಣೊರೆಸಿಕೊಂಡ. ಎರಡನೆಯ ಪಲ್ಲವಿಗೆ ತೋಳು ಚಾಚಿ, "ನೀವೂ ಹಾಡ್ರಪ್ಪಾ," ಎಂದು ಜನರ ಮೇಲೆ ಹೊರಿಸಿದ. ಇಡೀ ಸಭೆ ಹಾಡಿತು. ನನ್ನ ಸೇಡು ಅವನಿಗೆ ಹಾರವಾಗಿ ಬಿತ್ತು. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಹಾಡು ಮುಗಿಯಬೇಕಿತ್ತು. ನಮ್ಮ ಬೆಟ್ಟದ ತಂಡಗಳಲ್ಲಿ ಮುಗಿಸುವವರು ಹಾಡುಗಾರರಲ್ಲ. ಪಿಟೀಲಿನವರು ಒಂದು ಕಾಲು ಮುಂದಕ್ಕೆ ಎತ್ತುತ್ತಾರೆ, ಆ ಸುತ್ತು ಮುಗಿದಾಗ ಎಲ್ಲರೂ ನಿಲ್ಲುತ್ತಾರೆ. ಎತ್ತದಿದ್ದರೆ ಇನ್ನೊಂದು ಸುತ್ತು. ಹುಟ್ಟಿದಂದಿನಿಂದ ಹೀಗೇ ನುಡಿಸಿದವರು ಯಾರ ಮುಖವನ್ನೂ ನೋಡುವುದಿಲ್ಲ, ಕಾಲನ್ನೇ ನೋಡುತ್ತಾರೆ.

ನಾನು ಕಾಲೆತ್ತಲಿಲ್ಲ.

ಹೋಬರ್ಟ್ ಆಗಲೇ ತಲೆಬಾಗಿ ಚಪ್ಪಾಳೆಗೆ ಕಾದಿದ್ದವನು, ಪಲ್ಲವಿ ಮತ್ತೆ ಶುರುವಾದದ್ದು ಕೇಳಿ ದಡಬಡಿಸಿ ಮೈಕಿಗೆ ಬಂದ. ಜನ ಖುಷಿಯಿಂದ ಇನ್ನೊಮ್ಮೆ ಹಾಡಿದರು. ನಾನು ಎತ್ತಲಿಲ್ಲ. ಮತ್ತೆ ಹಾಡಿದರು, ಸ್ವಲ್ಪ ತಗ್ಗಿ. ಅದರಾಚೆ ಜನರ ಬಾಯಿ ಸೋತಿತು, ಅವನ ಗಂಟಲೊಂದೇ ಉಳಿಯಿತು. ಎಣ್ಣೆ ಕಾಣದ ಬಾಗಿಲಿನ ಹಾಗೆ ಅದು ಕಿರುಗುಡುವುದು ಮೂಲೆಮೂಲೆಗೂ ಕೇಳಿಸಿತು. ಕರವಸ್ತ್ರಗಳು ಒಳಗೆ ಹೋದವು.

ಬ್ಯಾಂಜೊ ಒಂಟಿಯಾಗಿ ನುಡಿಯುವ ಹೊತ್ತಿಗೆ ಅವನು ನನ್ನ ಹತ್ತಿರ ಬಂದ. ನಗುಮುಖ ಹಾಗೇ ಇತ್ತು, ಕುತ್ತಿಗೆ ಬೆವರುತ್ತಿತ್ತು.

"ಕಾಲೆತ್ತೇ."

"ಹೆಸರು ಹೇಳು."

"ರೇಡಿಯೋದಲ್ಲಿ ಹೋಗ್ತಿದೆ ಕಣೇ. ಹುಚ್ಚು ಹಿಡಿದಿದ್ಯಾ ನಿಂಗೆ?"

"ಹಿಡಿದು ತುಂಬಾ ಕಾಲ ಆಯ್ತು. ಪಲ್ಲವಿ ಬಂತು, ಹೋಗಿ ಹಾಡು."

ಹೋದ. ಹಾಡಿದ. ಕೊನೆಯ ಸಾಲಿಗೆ ದನಿಯೇ ಹೊರಡಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆ ನಗು ಅವನಿಗೆ ತಾಗಿದ್ದು ನಾನು ಕಣ್ಣಾರೆ ಕಂಡೆ, ನನ್ನ ಜೀವ ತಂಪಾಯಿತು. ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಈ ಹಾಡು ನಂದಲ್ಲ," ಅಂದ. "ಆರ್ವಿಲ್ ಫ್ಯೂಗೇಟ್‌ದು. ಅವನಮ್ಮ ಸತ್ತಾಗ ಅವನು ಕಟ್ಟಿದ್ದು. ನಾನು ತಗೊಂಡೆ."

ಮುಂದಿನ ಸಾಲಿನಲ್ಲಿದ್ದ ಕ್ಲೆಟಸ್, ಈಗ ಅವನ ಮೂಗಿಗೂ ನಳಿಗೆ, ಮೆಲ್ಲಗೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ನೆಲ ನೋಡಿದ. ನುಡಿಸುತ್ತಲೇ ಎಸ್ಟಿಲ್ ಬಗ್ಗಿ, "ಸಾಕಲ್ವಾ ಅಕ್ಕಾ," ಅಂದ. ಹೋಬರ್ಟ್ ಕೂಡ ತಿರುಗಿ, ಬಾಯಿ ತೆರೆದು ಏದುಸಿರು ಬಿಡುತ್ತಾ, ನನ್ನ ಕಾಲನ್ನೇ ನೋಡುತ್ತಾ ನಿಂತ.

ಆರ್ವಿಲ್ ಕೇಳಿದ್ದು ಅಷ್ಟೇ, ಅದು ಅವನಿಗೆ ಸಂದಿತು. ನಾನಿನ್ನೂ ನನಗಾಗಿ ಏನೂ ಕೇಳಿರಲಿಲ್ಲ. ಪಾದವನ್ನು ಹಲಗೆಗೆ ಒತ್ತಿ ಹಿಡಿದು, ಪಲ್ಲವಿಯನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡೆ.