ಒಂದು ಚಮಚ ಎಳ್ಳೆಣ್ಣೆ

ಧೈರ್ಯ ಹೇಳುವುದು ಗಂಡನ ಕೆಲಸ, ಧೈರ್ಯ ಮಾಡುವುದು ಹೆಂಡತಿಯ ಕೆಲಸ ಎಂಬುದು ಆ ಮನೆಯಲ್ಲಿ ಬಹಳ ಹಿಂದೆಯೇ ಇತ್ಯರ್ಥವಾಗಿ ಹೋಗಿತ್ತು. ಆ ಭಾನುವಾರ ಬೆಳಿಗ್ಗೆಯೂ ಅಷ್ಟೇ. ಲಿಫ್ಟ್ ಮೆಕ್ಯಾನಿಕ್ ಗಂಡ, ಡಾಕ್ಟರೇ ಹೇಳಿದ ಮೇಲೆ ಇನ್ನೇನು ಭಯ ಎಂದು ಹೆಂಡತಿಗೆ ನಾಲ್ಕು ಮಾತು ಬುದ್ಧಿ ಹೇಳಿ, ಷೂ ಕಟ್ಟಿಕೊಂಡು ಡ್ಯೂಟಿಗೆ ಹೊರಟುಹೋದ. ಅಡುಗೆಮನೆಯಲ್ಲಿ ಉಳಿದವರು ವಾಚ್ ರಿಪೇರಿ ಮಾಡುವ ಅವನ ಹೆಂಡತಿ ಮತ್ತು ಹನ್ನೊಂದು ವರ್ಷದ ಮಗಳು ಚೂಟಿ. ಜೊತೆಗೆ, ಶೆಲ್ಫಿನ ಮೇಲೆ ಸೀಲ್ ಒಡೆಯದ ಒಂದು ಪುಟ್ಟ ಬಾಟಲಿ ಎಳ್ಳೆಣ್ಣೆ.

ಒಂಬತ್ತು ವರ್ಷದಿಂದ ಆ ಮನೆಯ ಹೊಸ್ತಿಲೊಳಗೆ ಎಳ್ಳು ಬಂದಿರಲಿಲ್ಲ. ಚೂಟಿಗೆ ಎರಡು ತುಂಬಿದ್ದಾಗ ಎಳ್ಳು ಉದುರಿಸಿದ ಬ್ರೆಡ್ಡಿನ ಚೂರೊಂದನ್ನು ತಿಂದು ಮುಖವೆಲ್ಲ ಊದಿಕೊಂಡು ಉಸಿರು ಸಿಕ್ಕಿಹಾಕಿಕೊಂಡಿತ್ತು. ಆ ಚೂರನ್ನು ಬಾಯಿಗಿಟ್ಟವಳು ತಾಯಿಯೇ. ಮಗು ಉಳಿಯಿತು, ಆದರೆ ತಾಯಿಯ ನಿದ್ದೆ ಹೋಯಿತು. ಅಂದಿನಿಂದ ಅವಳು ಅಂಗಡಿಗೆ ಹೋದರೆ ವಾಚಿನ ಹೊಟ್ಟೆ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಪ್ರತಿ ಪೊಟ್ಟಣದ ಸಣ್ಣಕ್ಷರವನ್ನೂ ಓದುತ್ತಿದ್ದಳು. ಹೊಸದಾಗಿ ಸೇರಿದ ಅಂಗಡಿಯ ಹುಡುಗಿಯೊಬ್ಬಳು ಇವಳನ್ನು ಆಹಾರ ಇಲಾಖೆಯ ಇನ್‌ಸ್ಪೆಕ್ಟರ್ ಎಂದುಕೊಂಡು ಕೂರಲು ಸ್ಟೂಲ್ ತಂದುಕೊಟ್ಟದ್ದೂ ಉಂಟು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದಂತೆ. ಇವಳು ನೀರನ್ನೂ ಊದಿ ಕುಡಿಯುವ ಪೈಕಿ.

ಕಳೆದ ಮಂಗಳವಾರ ಆಸ್ಪತ್ರೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಚೂಟಿಯನ್ನು ಕೂರಿಸಿಕೊಂಡು, ಎಳ್ಳಿನ ಪೇಸ್ಟನ್ನು ಮೊದಲು ಬೆರಳ ತುದಿಯಷ್ಟು, ಆಮೇಲೆ ಕಾಲು ಚಮಚ, ಹೀಗೆ ಹೆಚ್ಚಿಸುತ್ತಾ ತಿನ್ನಿಸಿ ನೋಡಿದ್ದರು. ಏನೂ ಆಗಲಿಲ್ಲ. ಅಲರ್ಜಿ ಬಿಟ್ಟುಹೋಗಿದೆ, ಆದರೆ ಇನ್ನು ಮುಂದೆ ಮನೆಯಲ್ಲಿ ವಾರಕ್ಕೆ ಎರಡು ಮೂರು ಸಲ ಎಳ್ಳು ತಿನ್ನುತ್ತಲೇ ಇರಬೇಕು, ಬಿಟ್ಟರೆ ಮತ್ತೆ ಮರಳಬಹುದು ಎಂದರು ಡಾಕ್ಟರು. ಮೊದಲ ಸಲ ತಿಂದ ಮೇಲೆ ಎರಡು ಗಂಟೆ ಕಣ್ಣಿಟ್ಟಿರಿ ಎಂದೂ ಹೇಳಿದರು. ತಾಯಿ ತಲೆಯಾಡಿಸಿ ಬಂದಳು. ಬಾಟಲಿ ತಂದಳು. ಶನಿವಾರದವರೆಗೂ ಅದರ ಕಡೆ ತಿರುಗಿ ನೋಡಲಿಲ್ಲ.

ಅಷ್ಟರಲ್ಲಿ ಶಾಲೆಯಿಂದ ಮೂರು ದಿನದ ಶಿಬಿರದ ಫಾರಂ ಬಂತು. ಸೋಮವಾರ ಸಹಿ ಮಾಡಿ ಕೊಡಬೇಕು. ಚೂಟಿ ಈವರೆಗೆ ಒಂದು ಶಿಬಿರಕ್ಕೂ ಹೋದವಳಲ್ಲ. ಮನೆಯಲ್ಲಿ ಒಂದು ಸಲ ಎಳ್ಳು ತಿನ್ನು, ಏನೂ ಆಗದಿದ್ದರೆ ಸಹಿ ಹಾಕುತ್ತೇನೆ ಎಂದು ತಾಯಿ ಮಾತು ಕೊಟ್ಟಳು. ಹಾಗಾದರೆ ಕೊರಿಯಾದವರ ಹಂದಿ ಮಾಂಸದ ಅನ್ನದ ಬಟ್ಟಲು ಮಾಡು ಎಂದಳು ಮಗಳು. ಗೆಳತಿಯ ಹುಟ್ಟುಹಬ್ಬದಲ್ಲಿ ಎಲ್ಲರೂ ಅದನ್ನು ಬಾಯಿ ಚಪ್ಪರಿಸಿಕೊಂಡು ತಿನ್ನುವಾಗ ಅವಳೊಬ್ಬಳೇ ಮನೆಯಿಂದ ಒಯ್ದ ಡಬ್ಬಿ ಬಿಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ಆ ಸಂಗತಿ ಹೇಳುವಾಗ ಅವಳು ಅಳಲಿಲ್ಲ. ತಾಯಿಗೆ ಹೊಟ್ಟೆ ಉರಿದದ್ದು ಅದಕ್ಕೇ.

ಸರಿ, ಅಡುಗೆ ಶುರುವಾಯಿತು. ಅರ್ಧ ಗಟ್ಟಿಯಾಗುವಂತೆ ಫ್ರೀಜರಿನಲ್ಲಿಟ್ಟಿದ್ದ ಮಾಂಸವನ್ನು ತಾಯಿ ವಾಚಿನ ಗಾಜಿನಷ್ಟು ತೆಳ್ಳಗೆ ಕೊಯ್ದಳು. ಚೂಟಿ ಬೆಳ್ಳುಳ್ಳಿ, ಶುಂಠಿ ಜಜ್ಜಿ, ಅರ್ಧ ಪೇರಳೆಹಣ್ಣು ತುರಿದಳು. ಹುದುಗು ಬರಿಸಿದ ಕೆಂಪು ಮೆಣಸಿನ ಪೇಸ್ಟು, ಸೋಯಾ ಸಾಸು, ಸಕ್ಕರೆ ಎಲ್ಲ ಬೆರೆಸಿ ಮಾಂಸಕ್ಕೆ ಸವರಿ ಇಟ್ಟರು. ಪೇಸ್ಟಿನ ಡಬ್ಬಿಯ ಮೇಲಿನ ಅಕ್ಷರಗಳನ್ನು ಭೂತಗನ್ನಡಿ ಹಾಕಿಕೊಂಡು ಮೂರು ಸಲ ಓದಿ ಆಗಿತ್ತು, ಅದರಲ್ಲಿ ಎಳ್ಳಿರಲಿಲ್ಲ. ಬಾಣಲೆ ಹೊಗೆಯಾಡುವಷ್ಟು ಕಾದಮೇಲೆ ಮಾಂಸವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಒಟ್ಟಿಗೆ ಸುರಿದರೆ ಹುರಿಯುವ ಬದಲು ಬೇಯುತ್ತದೆ ಎಂದು ಮಗಳು ಪಕ್ಕದಲ್ಲಿ ನಿಂತು ಮೇಸ್ತ್ರಿಕೆ ಮಾಡಿದಳು. ಅಂಚು ಕಪ್ಪಾಗಿ, ಸಾಸು ಅಂಟಂಟಾಗಿ, ಈರುಳ್ಳಿ ಮೆತ್ತಗಾಗಿ, ಮನೆ ತುಂಬ ಮೂಗು ಅರಳಿಸುವ ವಾಸನೆ.

ಇನ್ನು ಉಳಿದದ್ದು ಒಲೆಯಿಂದ ಇಳಿಸಿ ಒಂದು ಚಮಚ ಎಳ್ಳೆಣ್ಣೆ ಹಾಕುವುದು. ತಾಯಿ ಬಾಟಲಿಯ ಹತ್ತಿರ ಕೈ ಒಯ್ದಳು. ಕೈ ಅಲ್ಲೇ ನಿಂತಿತು. ಕೂದಲೆಳೆಯಷ್ಟು ಸ್ಪ್ರಿಂಗನ್ನು ಇಕ್ಕಳದಲ್ಲಿ ಹಿಡಿದು ಕೂರಿಸುವ ಕೈ ಅದು. ಈಗ ಒಂದು ಮುಚ್ಚಳ ತಿರುಗಿಸಲಾರದೆ ಹೋಯಿತು. ಸೌತೆಕಾಯಿ ಹೆಚ್ಚುತ್ತಿದ್ದ ಮಗಳು ಬೆನ್ನು ಹಾಕಿ ನಿಂತಿದ್ದಳು. ತಾಯಿ ಪಕ್ಕದಲ್ಲಿದ್ದ ಸೂರ್ಯಕಾಂತಿ ಎಣ್ಣೆಯನ್ನು ಒಂದು ಚಮಚ ಬಗ್ಗಿಸಿ, ಬಾಣಲೆಗೆ ಹಾಕಿ, ಕಲಸಿಬಿಟ್ಟಳು. "ಹಾಕಿದೆ ಕಣೇ," ಎಂದಳು. ಮಗಳು ಹೂಂ ಎಂದಳು.

ಅಷ್ಟರಲ್ಲಿ ಗಂಡನ ಫೋನು. ಧೈರ್ಯ ಹೇಳಿ ಹೋದ ಮಹಾನುಭಾವ ಯಾವುದೋ ಕಟ್ಟಡದ ಲಿಫ್ಟಿನ ತಳದ ಗುಂಡಿಯಲ್ಲಿ ಕೂತು, ತಿಂದಳಾ, ತುಟಿ ಹೇಗಿದೆ, ಅಲರ್ಜಿ ಏರಿದರೆ ಚುಚ್ಚುವ ಇಂಜೆಕ್ಷನ್ ಪೆನ್ನು ಕೈಗೆ ಸಿಗುವ ಹಾಗೆ ಇದೆಯಾ ಎಂದು ಕೇಳತೊಡಗಿದ. ಸಿಗ್ನಲ್ ಸರಿಯಿರಲಿಲ್ಲ. ಅವಳು ಬಾಲ್ಕನಿಗೆ ಹೋಗಿ, ಇನ್ನೂ ಬಡಿಸಿಲ್ಲ ಮಾರಾಯ, ನೆಮ್ಮದಿಯಾಗಿ ಕೆಲಸ ನೋಡು ಎಂದು ಗದರಿ ಬಂದಳು. ಬರುವಷ್ಟರಲ್ಲಿ ಚೂಟಿ ಬಟ್ಟಲುಗಳಿಗೆ ಅನ್ನ, ಮಾಂಸ, ಅದರ ಮೇಲೊಂದೊಂದು ಹುರಿದಿಟ್ಟಿದ್ದ ಮೊಟ್ಟೆ ಹಾಕಿ ಮೇಜಿನ ಮೇಲಿಟ್ಟಿದ್ದಳು.

ದಿನಾ ಎದುರಿನ ಕುರ್ಚಿಯಲ್ಲಿ ಕೂರುವ ಹುಡುಗಿ ಅಂದು ಕುರ್ಚಿ ಎಳೆದುಕೊಂಡು ತಾಯಿಗೆ ಅಂಟಿಕೊಂಡು ಕೂತಳು. ಮೊದಲ ತುತ್ತನ್ನು ನಿಧಾನವಾಗಿ ಅಗಿದು ನುಂಗಿದಳು. ಮೊಟ್ಟೆಯ ಹಳದಿ ಒಡೆದು ಕಲಸಿಕೊಂಡು ಮತ್ತೆ ತಿಂದಳು. ಆಮೇಲೆ ತಲೆ ಎತ್ತಲಿಲ್ಲ. ಎಲ್ಲಿಂದಲೋ ಹುರಿದ ಕಾಳಿನಂಥ ಘಮವೊಂದು ತಾಯಿಯ ಮೂಗಿಗೆ ಬಡಿಯಿತು. ಮಾಂಸ ಇಷ್ಟು ಚೆನ್ನಾಗಿ ಹುರಿದೆನಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಗಂಡ ಮತ್ತೆರಡು ಸಲ ಫೋನ್ ಮಾಡಿದ. ಎರಡು ಸಲವೂ ಅವಳು, ತಿಂದಳು, ಏನೂ ಆಗಿಲ್ಲ ಎಂದಳು. ಮಗಳು ಕ್ಷೇಮವಾಗಿದ್ದಾಳೆ ಎಂಬ ನೆಮ್ಮದಿ ಇತ್ತು ನಿಜ, ಆದರೆ ಅದು ಕದ್ದ ನೆಮ್ಮದಿ.

ತಿಂದ ಬಟ್ಟಲು ತೊಳೆದರು, ಇಸ್ಪೀಟಾಡಿದರು, ಎರಡು ಗಂಟೆ ಕಳೆಯಿತು. ಚೂಟಿ ಫಾರಂ ತಂದು ಮುಂದಿಟ್ಟು ಪೆನ್ನಿನ ಮುಚ್ಚಳ ತೆಗೆದುಕೊಟ್ಟಳು. 'ಮಗುವಿಗೆ ಆಹಾರದ ಅಲರ್ಜಿ ಇದೆಯೇ' ಎಂಬ ಸಾಲಿನ ಮುಂದೆ ಎರಡು ಪುಟ್ಟ ಚೌಕಗಳಿದ್ದವು. ಇಲ್ಲ ಎಂದು ಗುರುತು ಹಾಕಿದರೆ ಸುಳ್ಳು, ಇದೆ ಎಂದು ಹಾಕಿದರೆ ದ್ರೋಹ. ಪೆನ್ನು ಗಾಳಿಯಲ್ಲೇ ನಿಂತಿತು. ಪರೀಕ್ಷೆಯನ್ನೇ ಮಾಡದೆ ನೂರಕ್ಕೆ ನೂರು ಕೊಟ್ಟ ಮೇಷ್ಟರ ಹಾಗೆ ಅವಳಿಗೆ ನಾಚಿಕೆಯಾಯಿತು. ಕೊನೆಗೆ ಪೆನ್ನು ಕೆಳಗಿಟ್ಟಳು.

"ನಾನು ಎಳ್ಳೆಣ್ಣೆ ಹಾಕಿರ್ಲಿಲ್ಲ. ಸುಳ್ಳು ಹೇಳ್ದೆ. ನನ್ನ ಕೈಲಿ ಆಗ್ಲಿಲ್ಲ ಕಣೇ."

ಚೂಟಿ ಮುನಿಸಿಕೊಳ್ಳಲಿಲ್ಲ. "ಗೊತ್ತು," ಎಂದಳು. "ಸೀಲ್ ಹಾಗೇ ಇತ್ತಲ್ಲ. ನೀನು ಬಾಲ್ಕನಿಗೆ ಹೋದಾಗ ಒಡೆದು, ನನ್ನ ಬಟ್ಟಲಿಗೆ ಒಂದು ಚಮಚ ಹಾಕ್ಕೊಂಡೆ."

ತಾಯಿ ಚಾಪೆಯ ಕೆಳಗೆ ತೂರಿದರೆ ಮಗಳು ರಂಗೋಲಿಯ ಕೆಳಗೆ ತೂರಿದ್ದಳು. ಆದರೆ ಅದನ್ನು ಮೆಚ್ಚುವ ಸ್ಥಿತಿಯಲ್ಲಿ ತಾಯಿ ಇರಲಿಲ್ಲ. ಎದ್ದು ಮಗಳ ಗದ್ದ ಹಿಡಿದೆತ್ತಿ ತುಟಿ ನೋಡಿದಳು, ನಾಲಿಗೆ ಚಾಚಿಸಿದಳು, ಕತ್ತು ಸವರಿದಳು, ಎದೆಗೆ ಕಿವಿಯಿಟ್ಟು ಉಸಿರು ಕೇಳಿದಳು. ಗಡಿಯಾರ ನೋಡಿದಳು. ಎರಡು ಗಂಟೆಯ ಮೇಲೆ ಹತ್ತು ನಿಮಿಷ. ತುಟಿಯ ಮೇಲೆ ಒಂದಿಷ್ಟು ಕೆಂಪು ಸಾಸು ಬಿಟ್ಟರೆ ಬೇರೇನೂ ಇರಲಿಲ್ಲ. ಆಗಲೇ ಅವಳಿಗೆ ಹೋದ ಜೀವ ಬಂದಂತಾದದ್ದು. ಒಂಬತ್ತು ವರ್ಷದಿಂದ ಹೊತ್ತ ಭಾರ ಇಳಿಯಿತು. ಕುರ್ಚಿಯ ಮೇಲೆ ಕುಸಿದು ಕೂತು ನಕ್ಕಳು, ಮತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಬೈದಳು, ಮತ್ತೆ ನಕ್ಕಳು.

"ಒಬ್ಬಳೇ ಹಾಕ್ಕೊಂಡು ತಿಂದ್ಯಲ್ಲ, ಭಯ ಆಗ್ಲಿಲ್ವಾ ನಿನಗೆ?"

"ತುಂಬಾ ಆಯ್ತು. ಅದಕ್ಕೇ ನಿನ್ನ ಪಕ್ಕ ಕೂತ್ಕೊಂಡೆ."

ತಾಯಿ ಫಾರಂ ಎಳೆದುಕೊಂಡು 'ಇಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿ, ಕೆಳಗೆ ಸಹಿ ಮಾಡಿದಳು. ಚೂಟಿ ಅದನ್ನು ಮಡಚಿ ಶಾಲೆಯ ಚೀಲಕ್ಕಿಟ್ಟು ಬಂದು, ಬಾಣಲೆಯಲ್ಲಿ ಉಳಿದಿದ್ದ ಮಾಂಸವನ್ನು ಅನ್ನದ ಮೇಲೆ ಸುರಿದುಕೊಂಡಳು. ಬಟ್ಟಲನ್ನೂ ಬಾಟಲಿಯನ್ನೂ ತಾಯಿಯ ಮುಂದೆ ತಂದಿಟ್ಟಳು.

"ಈ ಸಲ ನೀನೇ ಹಾಕು," ಎಂದಳು.

ತಾಯಿ ಬಾಟಲಿಯ ಮುಚ್ಚಳ ತಿರುಗಿಸಿ, ಚಮಚ ತುಂಬ ಬಗ್ಗಿಸಿ ಹಾಕಿದಳು.