ಟಿಂಗ್ ಅಂದರೆ ತಿರುಗುವ ಅಪ್ಪ

ನನ್ನ ಮೊಮ್ಮಗಳು ಅಪ್ಪನನ್ನು ಕರೆಯುವ ರೀತಿ ಕೇಳಿದರೆ ನಿಮಗೆ ನಗು ಬರುತ್ತದೆ. ಮೊದಮೊದಲು ನಾನೂ ನಕ್ಕಿದ್ದೆ. ಅವಳು ಅಪ್ಪನ ಕುರ್ಚಿಯ ಪಕ್ಕ ನಿಂತು ಸಣ್ಣಗೆ ‘ಟಿಂಗ್’ ಅನ್ನುತ್ತಾಳೆ. ಥೇಟ್ ಫೋನಿನದೇ ಸದ್ದು. ಅವನು ತಟ್ಟನೆ ತಿರುಗುತ್ತಾನೆ. ಅವನು ತಿರುಗಿದ ಆ ಗಳಿಗೆಯಲ್ಲೇ ಇವಳು ತನ್ನ ಮಾತು ಮುಗಿಸಬೇಕು. ಹಲ್ಲು ಅಲುಗಾಡುತ್ತಿದೆ, ಚಿತ್ರ ಬರೆದಿದ್ದೇನೆ, ಏನಿದ್ದರೂ ಅಷ್ಟರೊಳಗೆ. ‘ಅಪ್ಪಾ, ಅಪ್ಪಾ’ ಎಂದು ಕೂಗಿ ಕೂಗಿ ಸಾಕಾಗಿ ಆ ಪುಟ್ಟಿ ತಾನೇ ಕಂಡುಕೊಂಡ ಉಪಾಯ ಇದು.

ನನ್ನ ನಗು ಬಹಳ ದಿನ ಉಳಿಯಲಿಲ್ಲ. ಈ ಮಗು ಮುಂದೊಂದು ದಿನ ಟಿಂಗ್ ಅನ್ನುವುದನ್ನೂ ಬಿಟ್ಟುಬಿಟ್ಟರೆ ಗತಿಯೇನು ಎಂದು ಹೆದರಿಕೆ ಶುರುವಾಯಿತು.

ನನ್ನ ಮಗ ಕಂಪ್ಯೂಟರ್ ಕೆಲಸದವನು. ಒಂದು ದೊಡ್ಡ ಕಂಪನಿಯ ಸರ್ವರ್‌ಗಳು ಕೆಡದಂತೆ ನೋಡಿಕೊಳ್ಳುವುದು ಅವನ ಕೆಲಸ. ಏನಾದರೂ ಕೆಟ್ಟರೆ ಫೋನು ಟಿಂಗ್ ಅನ್ನುತ್ತದೆ. ಮನೆಯಲ್ಲಿ ನಾವು ಅವನಿಗಿಟ್ಟ ಹೆಸರು ಸರ್ವರ್ ಡಾಕ್ಟರು. ಊಟದ ತಟ್ಟೆಯ ಪಕ್ಕ ಫೋನು, ಸ್ನಾನದ ಮನೆಯ ಕಿಟಕಿಯಲ್ಲೂ ಫೋನು. ಜೇಬು ಖಾಲಿಯಿದ್ದಾಗಲೂ ತೊಡೆಯ ಹತ್ತಿರ ಏನೋ ನಡುಗಿದಂತಾಗಿ ತಡಕಾಡುತ್ತಾನೆ. ಇತ್ತೀಚೆಗೆ ತಲೆನೋವು, ಕತ್ತುನೋವು, ಮಾತೆತ್ತಿದರೆ ಸಿಡುಕು ಬೇರೆ.

ಕೆಳಗಿನ ಮನೆಯಲ್ಲಿ ಒಬ್ಬ ನರ್ಸ್ ಇದ್ದಾಳೆ. ಒಂದು ಸಂಜೆ ನಮ್ಮ ಡಬ್ಬಿ ವಾಪಸು ಕೊಡಲು ಮೇಲೆ ಬಂದಳು. ನನ್ನ ಮಗ ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಅವಳು ಸ್ವಲ್ಪ ಹೊತ್ತು ಅವನನ್ನೇ ನೋಡಿ, ನನ್ನ ಮೊಣಕೈ ಮುಟ್ಟಿದಳು.

“ಅಮ್ಮಾ, ಅವರ ಅಂಗಿ ನೋಡಿ. ಉಸಿರೇ ಆಡ್ತಿಲ್ಲ.”

ನೋಡಿದೆ. ಅಂಗಿಯ ಗುಂಡಿಗಳು ಕದಲದೆ ನಿಂತಿದ್ದವು. ತೆರೆಯ ಮೇಲೆ ಅಕ್ಷರಗಳು ಓಡುತ್ತಿದ್ದವು, ಇವನು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಆಮೇಲೆ ಉಸ್ಸೆಂದು ಬಿಟ್ಟ. ಫೋನು ಟಿಂಗ್ ಅಂದಿತು, ಮತ್ತೆ ಉಸಿರು ಹಿಡಿದ. ಹೆತ್ತವಳು ನಾನು, ಒಂದೇ ಸೂರಿನಡಿ ಇದ್ದೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ತೆರೆಯ ಮುಂದೆ ಕೂತು ಕೆಲಸ ಮಾಡುವ ಎಷ್ಟೋ ಜನ ತಮಗೇ ಗೊತ್ತಿಲ್ಲದೆ ಹೀಗೆ ಮಾಡುತ್ತಾರಂತೆ. ಮೊದಲು ಡಾಕ್ಟರ ಹತ್ತಿರ ಬಿಪಿ, ಹೃದಯ ತೋರಿಸಿ ಎಂದಳು ನರ್ಸ್. ಅವರು ಸರಿ ಅಂದರೆ, ಇಂಥ ಕೆಲಸದವರಿಗೆಂದೇ ನಡೆಯುವ ಯೋಗ, ಧ್ಯಾನದ ಶಿಬಿರಕ್ಕೆ ಕಳಿಸಿ ಎಂದಳು. ನರ್ಸ್‌ಗಳಿಗೆಂದು ನಡೆದಾಗ ತಾನೂ ಒಮ್ಮೆ ಹೋಗಿ ಬಂದಿದ್ದಳಂತೆ. ಅಲ್ಲಿ ಫೋನನ್ನು ಬಾಗಿಲಲ್ಲೇ ಒಪ್ಪಿಸಿ ಒಳಗೆ ಹೋಗಬೇಕು.

ನಾನು ಮೂಗು ಮುರಿದೆ. “ದಿನವಿಡೀ ಕೂತೇ ಇರ್ತಾನಲ್ಲಮ್ಮ. ಮತ್ತೆ ಕೂರೋದಕ್ಕೆ ಇನ್ನೊಂದು ಊರಿಗೆ ಹೋಗ್ಬೇಕಾ?”

“ಇಲ್ಲಿ ಕೂತಿರೋದು ಅವರ ಮೈ ಮಾತ್ರ ಅಮ್ಮ,” ಎಂದಳು.

ಮಗನೂ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಇದೆಲ್ಲ ಕೆಲಸವಿಲ್ಲದವರಿಗೆ, ತಾನು ಒಂದು ದಿನ ಕಣ್ಣು ಮುಚ್ಚಿ ಕೂತರೆ ಸರ್ವರ್ ಕೆಟ್ಟು ಬಿದ್ದುಹೋಗುತ್ತದೆ ಎಂದು ವಾದ ಹೂಡಿದ. ಸೊಸೆ ಸಮಾಧಾನವಾಗಿ ಹೇಳಿನೋಡಿದಳು. ಅವಳ ಮಾತಿಗೂ ಸೊಪ್ಪು ಹಾಕಲಿಲ್ಲ. ಅಷ್ಟರಲ್ಲಿ ಪುಟ್ಟಿ ಬಂದು, ಅಂದು ಯಾಕೋ ಟಿಂಗ್ ಅನ್ನದೆ, ‘ಅಪ್ಪಾ’ ಎಂದು ಕರೆದಳು. ಅವನು ತೆರೆಯಿಂದ ಕಣ್ಣೆತ್ತಲಿಲ್ಲ. ಮತ್ತೊಮ್ಮೆ ಕರೆದಳು. ಇಲ್ಲ. ನನಗೆ ರೇಗಿಹೋಯಿತು. ಅವನ ಬೆನ್ನ ಹಿಂದೆ ನಿಂತು ನಾನೇ ‘ಟಿಂಗ್’ ಅಂದೆ. ಗಕ್ಕನೆ ತಿರುಗಿದ.

“ಮಗಳು ಅಪ್ಪಾ ಅಂದಾಗ ನೀನು ತಿರುಗ್ಲಿಲ್ಲ. ತಿರುಗಿದ್ದು ನನ್ನ ಟಿಂಗ್‌ಗೆ. ಇಷ್ಟು ದಿನ ಅವಳು ನಿನ್ನನ್ನ ಕರೀತಿದ್ದಿದ್ದೂ ಹೀಗೇ ಕಣೋ.”

ಇಷ್ಟು ದಿನವೂ ಅದು ಫೋನಿನ ಸದ್ದೆಂದೇ ಅವನು ತಿಳಿದಿದ್ದ. ಮುಖ ಸಪ್ಪಗಾಯಿತು. ಲ್ಯಾಪ್‌ಟಾಪ್ ಮುಚ್ಚಿದ. ಆಮೇಲೆ ಡಾಕ್ಟರು ನೋಡಿ, ಬಿಪಿ ಸ್ವಲ್ಪ ಹೆಚ್ಚಿದೆ, ಶಿಬಿರಕ್ಕೆ ಹೋಗಿಬನ್ನಿ, ಮತ್ತೆ ಬಂದು ತೋರಿಸಿ ಎಂದರು. ಅವನು ಹೊರಟ.

ಶಿಬಿರದ ಕೊನೆಯ ದಿನ ಮನೆಯವರಿಗೂ ಕರೆ ಇತ್ತು. ಪುಟ್ಟಿಗೆ ಬೆಳಗಿನಿಂದ ನೆಗಡಿ, ಆದರೂ ಬಿಡದೆ ಬಂದಳು. ದೊಡ್ಡ ಹಜಾರ, ಸಾಲಾಗಿ ಚಾಪೆ, ತೆರೆದ ಕಿಟಕಿಗಳು. ಅಲ್ಲಿದ್ದವರೆಲ್ಲ ನನ್ನ ಮಗನ ಥರದ ಕೆಲಸದವರೇ. ಕಲಿಸುವಾಕೆ ನನಗಿಂತ ಹಿರಿಯರು. ಮೊದಲ ದಿನ ನನ್ನ ಮಗ, ಧ್ಯಾನ ಸರಿಯಾಯಿತೋ ಇಲ್ಲವೋ ತಿಳಿಯಲು ಸ್ಕೋರ್ ಎಲ್ಲಿ ಕಾಣಿಸುತ್ತದೆ ಎಂದು ಕೇಳಿದ್ದನಂತೆ. ಸ್ಕೋರ್ ಇಲ್ಲಪ್ಪ, ಉಸಿರು ಬಂತು, ಹೋಯಿತು, ಅಷ್ಟನ್ನೇ ನೋಡು ಎಂದು ತಾವು ಹೇಳಿದ್ದನ್ನು ನೆನೆದು ಆಕೆಯೇ ನಕ್ಕರು.

ಎಲ್ಲರೂ ಕಣ್ಣು ಮುಚ್ಚಿದರು. ಅಷ್ಟು ಜನ ಸೇರಿದ ಕಡೆ ಅಷ್ಟು ಮೌನವನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ನನ್ನ ಬಾಯಿಯೂ ಮುಚ್ಚಿಹೋಯಿತು ಅಂದರೆ ನಮ್ಮ ಮನೆಯವರು ನಂಬುವುದಿಲ್ಲ. ನಾನು ಮಗನ ಅಂಗಿಯ ಗುಂಡಿಗಳನ್ನೇ ನೋಡುತ್ತಿದ್ದೆ. ನಿಧಾನವಾಗಿ ಏರಿದವು, ನಿಧಾನವಾಗಿ ಇಳಿದವು. ಮತ್ತೆ ಏರಿದವು. ಅವನು ಹುಟ್ಟಿದ ದಿನ ಮಡಿಲಲ್ಲಿ ಹಾಕಿಕೊಂಡು ನಾನು ಹೀಗೇ ಆ ಪುಟ್ಟ ಎದೆಯನ್ನು ನೋಡುತ್ತಾ ಕೂತಿದ್ದೆ. ಅಂದು ಆಗಿದ್ದ ಬೆರಗೇ ಇಂದೂ ಆಯಿತು. ಯಾರೂ ಹೇಳಿಕೊಡದೆ ಬರುವ ಉಸಿರು, ಅದೆಷ್ಟು ದೊಡ್ಡ ವಿಷಯ ಅನ್ನಿಸಿ ಮೈ ಜುಮ್ಮೆಂದಿತು.

ಅಷ್ಟರಲ್ಲಿ ಪುಟ್ಟಿ ನನ್ನ ಕೈ ಬಿಡಿಸಿಕೊಂಡಳು. ಬರಿಗಾಲಲ್ಲಿ ಸದ್ದಿಲ್ಲದೆ ನಡೆದು ಅಪ್ಪನ ಮುಂದೆ ಹೋಗಿ ನಿಂತಳು. ಟಿಂಗ್ ಅನ್ನಲು ಬಾಯಿ ತೆರೆದಳು. ನಾನು ಉಸಿರು ಹಿಡಿದೆ.

“ಹೇಳು ಪುಟ್ಟಿ,” ಎಂದ ಅವನು ಮೆಲ್ಲಗೆ. ಕಣ್ಣು ಇನ್ನೂ ಮುಚ್ಚಿಯೇ ಇತ್ತು.

ಮಗು ಬೆಪ್ಪಾಯಿತು. “ನಾನು ಟಿಂಗ್ ಅಂದೇ ಇಲ್ವಲ್ಲ ಅಪ್ಪಾ.”

“ನಿನ್ನ ಉಸಿರು ಕೇಳಿಸ್ತು. ಮೂಗು ಕಟ್ಟಿದೆಯಾ?”

ಅವಳು ಅವನ ಮಡಿಲಿಗೆ ಬಿದ್ದಳು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ, ಸೊಸೆಯದೂ ಅದೇ ಪಾಡು.

ಅವನು ಇಲ್ಲದಿದ್ದರೂ ಸರ್ವರ್ ಬೀಳಲಿಲ್ಲ ಬಿಡಿ. ಜೊತೆಯವರು ನೋಡಿಕೊಂಡಿದ್ದರು. ಅದಕ್ಕೆ ಅವನಿಗೆ ಒಳಗೊಳಗೇ ಸ್ವಲ್ಪ ಬೇಜಾರು. ಕತ್ತುನೋವು ಪೂರ್ತಿ ಹೋಗಿಲ್ಲ, ಡಾಕ್ಟರ ಹತ್ತಿರ ಹೋಗುವುದೂ ತಪ್ಪಿಲ್ಲ. ಆದರೆ ಈಗ ಬೆಳಿಗ್ಗೆ ಎದ್ದು ಆಸನ ಮಾಡುತ್ತಾನೆ, ಪುಟ್ಟಿ ಬೆನ್ನೇರಿ ಕೆಡಿಸುತ್ತಾಳೆ. ಊಟದ ಹೊತ್ತಿಗೆ ಫೋನು ಕಪಾಟಿನಲ್ಲಿರುತ್ತದೆ, ಆಗ ಕೆಲಸವನ್ನು ಜೊತೆಯವರಲ್ಲಿ ಒಬ್ಬರು ನೋಡಿಕೊಳ್ಳುತ್ತಾರೆ.

ನಿಮ್ಮ ಮನೆಯಲ್ಲೂ ಒಬ್ಬ ಸರ್ವರ್ ಡಾಕ್ಟರು ಇದ್ದರೆ ಮೊದಲು ನಿಜವಾದ ಡಾಕ್ಟರಿಗೆ ತೋರಿಸಿ. ಆಮೇಲೆ, ಸರಿಯಾಗಿ ಕಲಿತು ಕಲಿಸುವವರು ಯಾರು ಎಂದು ವಿಚಾರಿಸಿ ಶಿಬಿರಕ್ಕೆ ಕಳಿಸಿ. ‘ಮಾತ್ರೆ ಬಿಟ್ಟುಬಿಡಿ, ಎಲ್ಲ ಕಾಯಿಲೆ ನಾವೇ ವಾಸಿ ಮಾಡುತ್ತೇವೆ’ ಅನ್ನುವವರ ಹತ್ತಿರ ಸುಳಿಯಬೇಡಿ. ಹೋಗಲು ಆಗದಿದ್ದರೆ ಮನೆಯಲ್ಲೇ, ಫೋನು ದೂರವಿಟ್ಟು, ಸ್ವಲ್ಪ ಹೊತ್ತು ಉಸಿರು ನೋಡುತ್ತಾ ಕೂರಿ.

ಈಗಲೇ ಒಮ್ಮೆ ನಿಮ್ಮ ಅಂಗಿಯ ಗುಂಡಿ ನೋಡಿಕೊಳ್ಳಿ, ಕದಲುತ್ತಿದೆಯಾ? ಹಿಡಿದಿದ್ದರೆ ಉಸಿರು ಬಿಡಿ. ಬಿಟ್ಟು ಸುಮ್ಮನೆ ಕಿವಿಗೊಡಿ. ನಿಮ್ಮ ಪಕ್ಕದಲ್ಲೇ ಯಾರಾದರೂ ಬಹಳ ಹೊತ್ತಿನಿಂದ ನಿಂತಿರಬಹುದು.